ತೊಗರಿ ಕಡ್ಡಿಯ ಇದ್ದಿಲು

ಲೇಪಾಕ್ಷಿ, ಭಾನುವಾರ

ಕಲ್ಯಾಣದುರ್ಗದ ತಮ್ಮ ಜಯಚಂದ್ರನಿಗೆ ಅಕ್ಕನ ಆಶೀರ್ವಾದ. ಫೋನಿನಲ್ಲಿ ಕೇಳಿದರೆ ಮಾತು ಬದಲಿಸುತ್ತೀಯ, ಅದಕ್ಕೇ ಈ ಪತ್ರ.

ತೊಗರಿ ಕಡ್ಡಿಯನ್ನು ಬಯಲಲ್ಲಿ ಸುಡದೆ, ಗುಂಡಿಯಲ್ಲಿ ಇದ್ದಿಲು ಮಾಡಿ ಮಣ್ಣಿಗೆ ಸೇರಿಸಿದರೆ ಇಂಗಾಲ ಗಾಳಿಗೆ ಹೋಗದೆ ನೆಲದಲ್ಲೇ ಉಳಿಯುತ್ತದೆ, ರಾಶಿಯ ಲೆಕ್ಕದಲ್ಲಿ ಪ್ರತಿ ರೈತನ ಹೆಸರಿಗೂ ಹಣ ಬರುತ್ತದೆ ಎಂದು ನಿನ್ನ ಕಂಪನಿಯ ಪರವಾಗಿ ನೀನೇ ಹೇಳಿದ್ದೆ. ನಂಬಿ ಮಾಡಿದೆವು. ರಾಶಿಯ ಫೋಟೋ ತೆಗೆದ ಮೇಲೆ, ತೂಕ ಹಾಕಿಸಬೇಕೆಂದು ನೀನು ಅದನ್ನು ಟ್ರ್ಯಾಕ್ಟರಿನಲ್ಲಿ ಒಯ್ದು, ಮರುದಿನ ತಂದು ಸುರಿದೆ.

ನಿನ್ನೆ ಪಕ್ಕದ ಹೊಲದ ಕೊಂಡಪ್ಪ ನಕ್ಕ: "ನಿಮ್ ಇಜ್ಜಲು ನಮ್ ಹೊಲ್ದಾಗೂ ಫೋಟೋ ತೆಗೆಸ್ಕೊಂಡ್ಹೋಯ್ತು ಕಣಮ್ಮ, ಮದ್ವೆ ಗಂಡಿನಂಗೆ!" ಅವನು ತನ್ನ ಕಡ್ಡಿಯನ್ನೆಲ್ಲ ಬಯಲಲ್ಲೇ ಸುಟ್ಟಿದ್ದನ್ನು ನಾನು ನೋಡಿದ್ದೇನೆ. ಹಾಗಾದರೆ ಅವನ ಹೆಸರಿಗೂ ನಮ್ಮ ರಾಶಿಯನ್ನೇ ತೋರಿಸಿದೆಯಾ? ಇನ್ನೂ ಎಷ್ಟು ಜನರಿಗೆ?

ಬರುವ ವಾರ ರಾಶಿಯನ್ನು ಹಿಂದೂಪುರದ ಕಡೆ ಒಯ್ಯಲು ಟ್ರ್ಯಾಕ್ಟರ್ ಕಳಿಸುತ್ತೇನೆ ಎಂದಿದ್ದೀಯ. ಕಳಿಸಬೇಡ. ಈ ದಿನ ರಾಶಿಗೆ ಸಗಣಿ ನೀರು ಸುರಿದು, ಹೊಲಕ್ಕೆಲ್ಲ ಹರಡಿ, ಕುಂಟೆ ಹೊಡೆಸಿ ಮಣ್ಣಿಗೆ ಬೆರೆಸಿದ್ದೇನೆ. ಇನ್ನು ಅದನ್ನು ಯಾರೂ ಬಾಚಿ ತುಂಬಲಾರರು.

ಕಂಪನಿಯ ತಪಾಸಣೆಯವರು ಬಂದರೆ ನಮ್ಮ ಹೊಲವನ್ನು ನಾನು ಅಗೆದು ತೋರಿಸುತ್ತೇನೆ. ಕೊಂಡಪ್ಪನ ಹೊಲವನ್ನು ನೀನೇ ಅಗೆದು ತೋರಿಸಬೇಕಾಗುತ್ತದೆ.

ಅದಕ್ಕೆ ಮೊದಲು ಒಮ್ಮೆ ಊಟಕ್ಕೆ ಬಾ. ಬಸ್ಸಿನಲ್ಲಿ ಬಾ.

ನಿನ್ನ ಅಕ್ಕ,
ಶ್ರೀಲತಾ