ದಾರದ ರೀಲಿಗೆ ಚೀಟಿ

ಅಕ್ಕಾ,

ನಿನ್ನ ಅಂಗಡಿಯಿಂದ ದಾರದ ರೀಲು ಕಳಿಸುವಾಗ ಇನ್ನು ಮುಂದೆ ಪ್ರತಿಯೊಂದಕ್ಕೂ ಬಣ್ಣದ ಹೆಸರು ಬರೆದ ಚೀಟಿ ಅಂಟಿಸು. ಅಕ್ಷರ ದೊಡ್ಡದಿರಲಿ. ಯಾಕೆಂದು ಕೇಳದೆ ಬಿಡುವವಳಲ್ಲ ನೀನು, ಹೇಳಿಬಿಡುತ್ತೇನೆ. ಮೊನ್ನೆ ಟೀಚರಮ್ಮನ ಹಸಿರು ಪರದೆಯ ಅಂಚನ್ನು ಕೆಂಪು ದಾರದಲ್ಲಿ ಹೊಲಿದುಕೊಟ್ಟೆ. "ಇದೇನಮ್ಮ, ಹೊಸ ಫ್ಯಾಷನ್ನಾ?" ಅಂದರು. ಹೌದೆಂದು ಹಲ್ಲು ಕಿರಿದೆ.

ಶ್ವಾಸಕೋಶದ ಸೋಂಕಿಗೆ ಹದಿನಾಲ್ಕು ತಿಂಗಳಿಂದ ನುಂಗುತ್ತಿರುವ ಮಾತ್ರೆಗಳಲ್ಲಿ ಒಂದು ಕಣ್ಣಿಗೆ ಆಗುವುದಿಲ್ಲವಂತೆ. "ಬಣ್ಣ ಗುರುತು ಸಿಗದಿದ್ರೆ ಅವತ್ತೇ ಬಂದು ಹೇಳಮ್ಮ" ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ವಾಕರಿಕೆ, ಬಾಯಿಯ ಕಹಿ, ಕಾಲಿನ ಜೋಮು ಎಲ್ಲ ಹೇಳಿದೆ. ಇದೊಂದನ್ನು ಹೇಳಲಿಲ್ಲ. ಹೇಳಿದರೆ ಮಾತ್ರೆ ನಿಲ್ಲಿಸುತ್ತಾರೆ. ನಿಲ್ಲಿಸಿದರೆ ಕಫದಲ್ಲಿ ಮತ್ತೆ ರಕ್ತ ಬರಬಹುದೆಂಬ ಭಯ. ಬಣ್ಣ ಕಾಣದಿದ್ದರೂ ಚೀಟಿ ಓದಿ ಹೊಲಿಯಬಹುದು ಎಂದು ಪೆದ್ದಿಯ ಹಾಗೆ ಲೆಕ್ಕ ಹಾಕಿದ್ದೆ.

ಇವತ್ತು ಬೆಳಿಗ್ಗೆ ಜೋರು ಕೆಮ್ಮು ಬಂತು. ಕರವಸ್ತ್ರದಲ್ಲಿ ಕಲೆಯಾಗಿದೆ. ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ. ಯಾವ ಬಣ್ಣವೆಂದು ತಿಳಿಯಲಿಲ್ಲ.

ಚೀಟಿ ಆಮೇಲೆ ಅಂಟಿಸುವೆಯಂತೆ. ಕರವಸ್ತ್ರ ಒಗೆಯದೆ ಇಟ್ಟಿದ್ದೇನೆ. ಬೇಗ ಬಂದು ನೋಡಿ ಹೇಳು.

ನಿನ್ನ ಮೊಂಡಿ