ಆ ಹೇಳಿಕೆ ನನ್ನ ಹೆಂಡತಿಯದಲ್ಲ

ಮಾನ್ಯ ಆರೋಗ್ಯಾಧಿಕಾರಿಗಳೇ,

ನಿಮ್ಮ ಕೈಕೆಳಗಿನ ಒಂದು ದವಾಖಾನೆಯ ಕೇಸ್ ಪೇಪರಿನಲ್ಲಿ ಸುಳ್ಳೊಂದು ದಾಖಲಾಗಿದೆ. ‘ರೋಗಿಯ ಹೇಳಿಕೆ: ಅಜೀರ್ಣ, ವಾಯುಬಾಧೆ.’ ರೋಗಿ ನನ್ನ ಹೆಂಡತಿ ಖತಿಜಾಬಿ. ಆಕೆ ಹಾಗೆ ಹೇಳಲೇ ಇಲ್ಲ, ಹೇಳಿದವನು ನಾನು. ಆಕೆ ಈಗಿಲ್ಲ. ತಿದ್ದಿಸಬೇಕಾದವನೂ ನಾನೇ.

ನಾನು ದೊಡವಾಡದಲ್ಲಿ ಅರಳೆ ತುಂಬಿ ಗಾದಿ ಹೊಲಿದು ಬದುಕಿದವನು. ಎರಡನೇ ಇಯತ್ತೆಗೆ ಶಾಲೆ ಬಿಟ್ಟು, ಹಳೆಯ ಪೇಪರು ಓದಿ ಓದಿ ಕನ್ನಡ ಕಲಿತೆ. ಸಂಪಗಾಂವದ ಬೀಗರಿಗೆ, ಕಟಕೋಳದ ತಂಗಿಗೆ ಉದ್ದುದ್ದ ಪತ್ರ ಬರೆಯುತ್ತಿದ್ದೆ. ಖಾಸಿಮಸಾಬನ ಕಾಗದ ಬಂದರೆ ಮುನಿಸಿಕೊಂಡವರೂ ಮನೆಗೆ ಬರುತ್ತಾರೆ ಎಂಬ ಮಾತಿತ್ತು. ಆ ಸೊಕ್ಕೂ ನನಗಿತ್ತು. ಖತಿಜಾ ಮಾತ್ರ ನಗುತ್ತಿದ್ದಳು: “ನಿಮ್ಮ ಮಾತಿಗೆ ಇಸ್ತ್ರಿ ಭಾಳ ಆತ್ರಿ. ಉಟಗೊಂಡ ಕುಂದ್ರಾಕ ಬರಂಗಿಲ್ಲ.”

ಹೋದ ವರ್ಷ ಜೋಳದ ಸುಗ್ಗಿಯಲ್ಲಿ ಒಂದು ಸೋಮವಾರ ಆಕೆಯನ್ನು ದವಾಖಾನೆಗೆ ಕರೆದೊಯ್ದೆ. ವೈದ್ಯರು ಏನಾಗುತ್ತಿದೆ ಎಂದು ಕೇಳಿದರು. “ಗಾದ್ಯಾಗ ಅರಳಿ ತುರುಕಿ ಬಾಯಿ ಹೊಲದಂಗ ಆಗೇತ್ರಿ ಎದಿಯೊಳಗ. ಎಡಗೈಯಾಗ ಕಸುವ ಇಲ್ರಿ,” ಎಂದಳು. ಹಿಂದೆ ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು. ನನಗೆ ನಾಚಿಕೆಯಾಯಿತು. ಗಂಡ ಜೊತೆಗಿದ್ದರೆ ಹೆಂಡತಿಯ ಬೇನೆಯನ್ನೂ ಅವನೇ ಹೇಳುವುದು ನಮ್ಮ ಕಡೆಯ ರೂಢಿ. “ನೀ ಸುಮ್ನಿರ, ನಾ ಹೇಳತೇನಿ,” ಎಂದು ಮುಂದೆ ಸರಿದೆ. “ವೈದ್ಯರೇ, ನಿನ್ನೆಯ ಲಗ್ನದ ಊಟ ಜೀರ್ಣವಾದಂತಿಲ್ಲ. ವಾಯುಬಾಧೆ ಇರಬಹುದು.”

ವೈದ್ಯರ ಮುಖ ಅರಳಿತು. “ಅಜ್ಜಾರ, ಎಷ್ಟ ಚಂದ ಮಾತಾಡತೀರಿ! ಮಾಸ್ತರ ಇದ್ರೇನ್ರಿ?”

ಅಲ್ಲ ಎನ್ನಲಿಲ್ಲ ನಾನು. ಗುಳಿಗೆ ಬರೆದುಕೊಟ್ಟರು. ಎದೆಬಡಿತ ಕೇಳುವ ನಳಿಗೆ ಅವರ ಕೊರಳಲ್ಲೇ ಉಳಿಯಿತು.

ಮಾನ್ಯರೇ, ನೋವು ಆಕೆಯ ಎದೆಯಲ್ಲಿತ್ತು. ನಂಬಿಕೆ ನನ್ನ ಬಾಯಿಗೆ ಹೇಗೆ ಸಿಕ್ಕಿತು? ಶುದ್ಧವಾಗಿ ಹೇಳಿದ್ದೆಲ್ಲ ಸತ್ಯವೆಂದು ನಿಮ್ಮ ವೈದ್ಯಶಾಸ್ತ್ರದಲ್ಲಿದೆಯೇ? ಹಾಗಿದ್ದರೆ ಬಾಗಿಲಿಗೊಂದು ಬೋರ್ಡು ಹಾಕಿಸಿರಿ: ಪುಸ್ತಕದ ಭಾಷೆ ಬಲ್ಲವರು ಮಾತ್ರ ಬೇನೆ ಬೀಳತಕ್ಕದ್ದು. ಆದರೆ ವೈದ್ಯರೊಬ್ಬರನ್ನೇ ಬಯ್ದು ನಾನು ಪಾರಾಗಲಾರೆ. ಬಸ್ಸಿನಲ್ಲಿ ಆಕೆ ಮೆಲ್ಲಗೆ ಕೇಳಿದಳು, “ಬರೇ ಊಟದ್ದೇನ್ರಿ ಇದು?” ಹೌದೆಂದೆ. “ನೀವ ಹೇಳೀರಿ ಅಂದ್ರ ಖರೇ ಇರಬೇಕ ಬಿಡ್ರಿ.” ತನ್ನ ಎದೆಗಿಂತ ನನ್ನ ಮಾತನ್ನು ಹೆಚ್ಚು ನಂಬಿದಳು. ಬುಧವಾರ ಮಧ್ಯಾಹ್ನ ರೊಟ್ಟಿ ಬಡಿಯುತ್ತ ಕುಳಿತಲ್ಲೇ ಒರಗಿದಳು.

ಅಂದಿನಿಂದ ಯಾರಿಗೂ ಕಾಗದ ಬರೆದಿಲ್ಲ. ತಂಗಿ ಫೋನಿನಲ್ಲಿ ಬಯ್ಯುತ್ತಾಳೆ. ‘ನಾನು ಕ್ಷೇಮ’ ಎಂದು ಬರೆದರೆ ನಂಬಿಬಿಡುತ್ತಾಳಲ್ಲ ಎಂದು ಹೆದರಿಕೆ.

ಆ ಕೇಸ್ ಪೇಪರು ತಿದ್ದಿಸಲು ನಿಮ್ಮ ಕಚೇರಿಗೆ ಮೂರು ಸಲ ಬಂದೆ. ನಿಮ್ಮ ಗುಮಾಸ್ತ ನಿಂಗರಾಜ ಅಂದ, “ಗಂಡನ ಹೇಳಿಕಿಗೆ ಇದರಾಗ ಕಾಲಂ ಇಲ್ರಿ ಅಜ್ಜಾ. ಆಕಿ ಹಂಗ ಅಂದ್ಲು ಅನ್ನಾಕ ಸಾಕ್ಷಿ ಯಾರದಾರ?”

“ಅವತ್ತ ನಕ್ಕವರೆಲ್ಲಾ ಸಾಕ್ಷಿ ಅದಾರಪಾ,” ಎಂದೆ.

“ಈಗ ತಿದ್ದಿದ್ರ ಆಕಿ ಎದ್ದ ಬರತಾಳೇನ್ರಿ?”

ಬರುವುದಿಲ್ಲ. ಆದರೂ ಆಕೆ ಹೇಳದ ಮಾತು ಆಕೆಯ ಹೆಸರಿನಲ್ಲಿ ಉಳಿಯಬಾರದು. ಆ ಸಾಲಿಗೆ ಗೆರೆ ಎಳೆದು ‘ಇದು ಗಂಡನ ಮಾತು’ ಎಂದು ಬರೆಸಿರಿ. ಅದರ ಕೆಳಗೆ ಆಕೆ ಅಂದದ್ದನ್ನು ಅಂದ ಹಾಗೆಯೇ ಬರೆಸಿರಿ. ಕಾಲಂ ಇಲ್ಲದಿದ್ದರೆ ಮಾಡಿಸಿರಿ. ಇನ್ನು ಮುಂದೆ ಯಾವ ಹೆಣ್ಣುಮಗಳು ಬಂದರೂ ಜೊತೆಗೆ ಬಂದವನನ್ನು ಹೊರಗೆ ಕೂರಿಸಿ ಆಕೆಯನ್ನೇ ಕೇಳಲು ನಿಮ್ಮ ವೈದ್ಯರಿಗೆ ಆದೇಶ ಕೊಡಿರಿ. ಆಕೆ ಹೇಳಿ ಮುಗಿಸುವವರೆಗೆ ಯಾರೂ ಪೆನ್ನು ಎತ್ತಬಾರದು.

ಇಂತಿ,
ತನ್ನ ಮಾತನ್ನು ತಾನೇ ನಂಬಿ ಕೆಟ್ಟವನು,
ಖಾಸಿಮಸಾಬ, ದೊಡವಾಡ