ಈರಬಸುವಿನ ಪಾತ್ರ

ಮುಂಬಯಿ, ೧೨-೧೧-೮೭

ಪೂಜ್ಯ ಕಾಕಾ ಅವರಿಗೆ ಶಂಭುಲಿಂಗನ ನಮಸ್ಕಾರ.

ನಿನ್ನೆ ಸಂಜೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ಅದಕ್ಕೇ ಈ ಕಾರ್ಡು. ನಾನು ಇಳಿದುಕೊಂಡಿರುವ ಖೋಲಿ ಕುಬಿಹಾಳದ ತಿರಕಪ್ಪನದು. ಅವನು ಇಲ್ಲಿಯ ನಾಟಕಗೃಹದಲ್ಲಿ ದೀಪ ನೋಡಿಕೊಳ್ಳುತ್ತಾನೆ. ನನ್ನನ್ನು ಒಂದು ಇಂಗ್ಲಿಷ್ ಸಂಗೀತ ನಾಟಕಕ್ಕೆ ಕರೆದೊಯ್ದ. ಮೂವತ್ತು ವರ್ಷದ ಹಿಂದೆ ಅಮೆರಿಕದಲ್ಲಿ ರಾಕ್ ಅಂಡ್ ರೋಲ್ ಹಾಡಿ ಹೆಸರಾದ ಹುಡುಗರ ಕಥೆ. ಗಿಟಾರು, ಡ್ರಮ್ಮಿನ ಸಪ್ಪಳಕ್ಕೆ ಕುರ್ಚಿಯೇ ನಡುಗುತ್ತಿತ್ತು. ಊರೂರು ತಿರುಗುವಾಗ ಅವರಲ್ಲೊಬ್ಬ ಅಪಘಾತದಲ್ಲಿ ಸಾಯುತ್ತಾನೆ. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಜೊತೆಗಾರರು ಎದ್ದು ನಿಂತು ಅವನ ಹಾಡನ್ನೇ ಹಾಡಿದರು. ಜನರೆಲ್ಲ ಕುಣಿದರು, ನಾನೊಬ್ಬನೇ ಅತ್ತುಬಿಟ್ಟೆ.

"ಯಾಕಲೇ, ಏನಾತು?" ಎಂದ ತಿರಕಪ್ಪ.

"ನಮ್ಮ ಈರಬಸು ಹ್ವಾದ ಮ್ಯಾಲೆ ನಾವು ನಾಟಕಾನ ಬಿಟ್ವಿ," ಅಂದೆ.

ಕಾಕಾ, ನಿಮ್ಮ ಮಗನ ಹೆಸರೆತ್ತಿದ್ದಕ್ಕೆ ಸಿಟ್ಟಾಗಬೇಡಿ. ಅವನನ್ನು ಒಯ್ದ ಅದೇ ಟ್ರ್ಯಾಕ್ಟರಿನಡಿ ಮುರಿದ ನನ್ನ ಕಾಲು ಈಗ ಕೂಡಿದೆ, ಕೋಲಿಲ್ಲದೆ ನಡೆಯುತ್ತೇನೆ. ಮುಂದಿನ ಸೋಮವಾರ ಗುಡಗೇರಿ ಸ್ಟೇಶನ್ನಿನಲ್ಲಿ ಇಳಿಯುತ್ತೇನೆ. ಈ ವರ್ಷ ನಾಟಕ ಆಡೋಣ. ಅವನ ಪಾತ್ರ ನಾನು ಮಾಡುತ್ತೇನೆ, ಹಾರ್ಮೋನಿಯಂ ನೀವೇ ಬಾರಿಸಬೇಕು. ಬೇಡ ಎನ್ನುವುದಿದ್ದರೆ ಕಾಗದ ಬರೆಯಬೇಡಿ, ನನ್ನೆದುರೇ ಹೇಳಿ.

ನಿಮ್ಮ ಶಂಭು